ಅಮ್ಮನ ಅಡುಗೆಮನೆಯನ್ನು 11 ಸಲ ಬರೆದದ್ದು

ಶಿವಮೊಗ್ಗದ ನಮ್ಮ ಮನೆಯನ್ನು ಅಪ್ಪ 1993ರಲ್ಲಿ ಕಟ್ಟಿಸಿದಾಗ ಅಡುಗೆಮನೆಗೆ ನಕ್ಷೆಯೆಂಬುದೇನೂ ಇರಲಿಲ್ಲ. ಗೋಡೆ ಎದ್ದ ಮೇಲೆ ಗಾರೆ ಮೇಸ್ತ್ರಿ ಬಂದು ಕಟ್ಟೆ ಎಲ್ಲಿ ಬರಬೇಕೆಂದು ಕೇಳಿದರಂತೆ, ಅಮ್ಮ ಪೂರ್ವದ ಕಿಟಕಿಯ ಕಡೆಗೆ ಕೈ ತೋರಿಸಿದರಂತೆ, ಅಲ್ಲಿಗೆ ಮುಗಿಯಿತು. ಕಟ್ಟೆಯ ಕೆಳಗೆ ಕಡಪ ಕಲ್ಲಿನ ಅಡ್ಡಹಲಗೆಗಳು, ಗೋಡೆಯ ಸಜ್ಜಾ ಹಲಗೆಯ ಮೇಲೆ ಸಾಲಾಗಿ ನಿಂತ ಡಬ್ಬಗಳು, ಮೂಲೆಯಲ್ಲಿ ಹಳೆಯ ಸೀರೆಯ ಪರದೆಯ ಹಿಂದೆ ಸಿಲಿಂಡರ್. ಇಷ್ಟರಲ್ಲಿ 30 ವರ್ಷ ನಡೆದುಹೋಯಿತು. ಕಳೆದ ವರ್ಷ ಸಿಂಕಿನ ಹಿಂದಿನ ಗೋಡೆ ನೀರು ಕುಡಿದು ಗಾರೆ ಉದುರತೊಡಗಿದಾಗ ಕೊಳವೆ ಬದಲಿಸುವುದಕ್ಕಾಗಿ ಕಟ್ಟೆಯನ್ನು ಒಡೆಯಲೇಬೇಕಾಯಿತು. ಒಡೆದ ಮೇಲೆ ಹೇಗೂ ಕಟ್ಟಬೇಕಲ್ಲ, ಈ ಸಲ ಕಪಾಟು, ಡ್ರಾಯರ್‌ಗಳಿರುವ ಅಡುಗೆಮನೆಯನ್ನೇ ಮಾಡಿಸೋಣವೆಂದು ನಿರ್ಧರಿಸಿದೆವು.

ಮೊದಲು ಹೋದದ್ದು ಮಾಡ್ಯುಲರ್ ಕಿಚನ್ ಮಾಡಿಕೊಡುವ ಒಂದು ಅಂಗಡಿಗೆ. ಅವರು ಕೋಣೆಯ ಉದ್ದ ಅಗಲಗಳನ್ನಷ್ಟೇ ಕೇಳಿ, ಮೂರು ದಿನಗಳಲ್ಲಿ ಕಂಪ್ಯೂಟರಿನಲ್ಲಿ ಮಾಡಿದ ಐದು ಬಣ್ಣದ ಚಿತ್ರಗಳನ್ನು ಕಳುಹಿಸಿದರು. ಚಿತ್ರಗಳು ಬಹಳ ಚೆನ್ನಾಗಿದ್ದವು: ಕಟ್ಟೆಯ ಮೇಲೆ ಹಣ್ಣಿನ ಬುಟ್ಟಿ, ಅದರ ಪಕ್ಕದಲ್ಲಿ ದ್ರಾಕ್ಷಾರಸದ ಎರಡು ಲೋಟ, ಕಿಟಕಿಯಿಂದ ಬೀಳುವ ಬಿಸಿಲು. ಅಮ್ಮ ಕನ್ನಡಕ ಹಾಕಿಕೊಂಡು ಐದನ್ನೂ ನೋಡಿ, ಇದರಲ್ಲಿ ಗ್ರೈಂಡರ್ ಎಲ್ಲಿದೆ ಎಂದು ಕೇಳಿದರು. ಗ್ರೈಂಡರ್ ಇರಲಿಲ್ಲ. ಮಿಕ್ಸಿಯೂ, ಸಿಲಿಂಡರೂ, ಇಡ್ಲಿ ಪಾತ್ರೆಯೂ ಇರಲಿಲ್ಲ. ನಕ್ಷೆಯನ್ನು ನಾವೇ ಬರೆದುಕೊಂಡು, ಕೆಲಸವನ್ನು ಊರಿನ ಬಡಗಿಯಿಂದ ಮಾಡಿಸುವುದು ಒಳ್ಳೆಯದೆಂಬ ಯೋಚನೆ ನನಗೆ ಬಂದದ್ದು ಆ ಪ್ರಶ್ನೆಯಿಂದ.

ನಾನು ಬಳಸಿದ್ದು ಸ್ವೀಟ್ ಹೋಮ್ ತ್ರೀಡಿ ಎಂಬ ತಂತ್ರಾಂಶವನ್ನು. ಇದನ್ನು ರೂಪಿಸಿದವರು ಫ್ರಾನ್ಸಿನ ಇಮ್ಯಾನ್ಯುಯೆಲ್ ಪುಯ್ಬಾರೆ; ಇದು ಮುಕ್ತ ತಂತ್ರಾಂಶ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ನಡೆಯುತ್ತದೆ, ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿಯೂ ತೊಂದರೆ ಕೊಡಲಿಲ್ಲ. ಸ್ಕೆಚ್‌ಅಪ್ ಎಂಬ ಇನ್ನೊಂದು ತಂತ್ರಾಂಶ ಇದಕ್ಕಿಂತ ಶಕ್ತಿಶಾಲಿಯಾದದ್ದು ಎಂಬುದನ್ನು ಬಲ್ಲೆ, ಆದರೆ ಅದರಲ್ಲಿ ಒಂದು ಕಪಾಟನ್ನು ಕಟ್ಟುವ ಹೊತ್ತಿಗೆ ಇದರಲ್ಲಿ ಇಡೀ ಕೋಣೆಯನ್ನು ಎಬ್ಬಿಸಿ ನಿಲ್ಲಿಸಬಹುದು. ಪರದೆಯ ಒಂದು ಕಡೆ ವಸ್ತುಗಳ ಪಟ್ಟಿ, ಮಧ್ಯದಲ್ಲಿ ಮೇಲಿನಿಂದ ನೋಡಿದ ನಕ್ಷೆ, ಕೆಳಗೆ ಅದರದೇ ಮೂರು ಆಯಾಮದ ನೋಟ. ಗೋಡೆ ಎಳೆಯುತ್ತಿರುವಾಗ ಎಂಟರ್ ಒತ್ತಿದರೆ ಉದ್ದವನ್ನೂ ಕೋನವನ್ನೂ ಅಂಕಿಗಳಲ್ಲಿಯೇ ಬರೆಯಬಹುದು, ಮೌಸಿನ ಕೈನಡುಕವನ್ನು ನಂಬಬೇಕಾಗಿಲ್ಲ. ಮೊದಲ ದಿನವೇ ಅಳತೆಯ ಮಾನವನ್ನು ಮಿಲಿಮೀಟರಿಗೆ ಬದಲಿಸಿಕೊಂಡೆ. ನಮ್ಮಲ್ಲಿ ಮನೆಯ ಅಳತೆ ಅಡಿಯಲ್ಲಿಯೂ, ಕಲ್ಲಿನ ಅಳತೆ ಚದರಡಿಯಲ್ಲಿಯೂ, ಪ್ಲೈವುಡ್ಡಿನ ಉದ್ದಗಲ ಅಡಿಯಲ್ಲಿಯೂ, ಅದರ ದಪ್ಪ ಮಾತ್ರ ಮಿಲಿಮೀಟರಿನಲ್ಲಿಯೂ ನಡೆಯುತ್ತದೆ; ಇವುಗಳ ನಡುವೆ ಓಡಾಡುತ್ತ ತಪ್ಪು ಮಾಡುವುದು ಬಹಳ ಸುಲಭ.

ಅಳತೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ನನ್ನ ಮೊದಲ ಮೂರು ನಕ್ಷೆಗಳು ಹಾಳಾದದ್ದು ಅಲ್ಲಿಯೇ. ಹಳೆಯ ಕಾಗದಗಳಲ್ಲಿ ಅಡುಗೆಮನೆ 10 ಅಡಿ 4 ಅಂಗುಲಕ್ಕೆ 8 ಅಡಿ 2 ಅಂಗುಲ ಎಂದಿತ್ತು, ಅಂದರೆ 3150ಕ್ಕೆ 2490 ಮಿಮೀ. ಅದನ್ನೇ ಬರೆದು, ತಂತ್ರಾಂಶವು ತಾನೇ ತಾನಾಗಿ ಕೂಡಿಸಿಕೊಟ್ಟ ನಾಲ್ಕು ನೇರ ಮೂಲೆಗಳನ್ನು ನೋಡಿ ಸಂತೋಷಪಟ್ಟಿದ್ದೆ. ಆಮೇಲೆ ಟೇಪು ಹಿಡಿದು ದಕ್ಷಿಣದ ಗೋಡೆಯನ್ನು ಮೂರು ಎತ್ತರಗಳಲ್ಲಿ ಅಳೆದಾಗ ನೆಲದ ಹತ್ತಿರ 2490, ಕಟ್ಟೆಯ ಮಟ್ಟದಲ್ಲಿ 2482, ತಲೆಯ ಮೇಲೆ 2471 ಬಂದಿತು. ಪೂರ್ವದ ಗೋಡೆಯಲ್ಲಿ ಅತಿ ಕಡಿಮೆ ಎಂದರೆ 3142. ಮೂಲೆಯಿಂದ ಮೂಲೆಗೆ ಕರ್ಣಗಳನ್ನು ಎಳೆದು ನೋಡಿದರೆ ಒಂದು 4030, ಇನ್ನೊಂದು 4000. ಮೂಲೆಗಳು ನೇರವಾಗಿದ್ದರೆ ಎರಡೂ 4015ರ ಆಸುಪಾಸಿನಲ್ಲಿ ಸಮನಾಗಿರಬೇಕಾಗಿತ್ತು. ಲೆಕ್ಕ ಹಾಕಿದಾಗ ಕೋನದ ವ್ಯತ್ಯಾಸ ಅರ್ಧ ಡಿಗ್ರಿಗೂ ಕಡಿಮೆ, ಕಣ್ಣಿಗೆ ಕಾಣುವಂಥದ್ದಲ್ಲ. ಆದರೆ 2490 ಮಿಮೀ ಉದ್ದದ ಕೊನೆಗೆ ತಲುಪುವ ಹೊತ್ತಿಗೆ ಅದು 19 ಮಿಮೀ ಆಗುತ್ತದೆ, ಅಂದರೆ ಒಂದು ಪ್ಲೈವುಡ್ ಹಲಗೆಯ ದಪ್ಪಕ್ಕಿಂತ ಹೆಚ್ಚು. ಬಡಗಿಗಳು ಮೂಲೆಮಟ್ಟವನ್ನು ಗೋಡೆಗೆ ಆನಿಸಿ ನೋಡದೆ ಒಂದು ಮೊಳೆಯನ್ನೂ ಹೊಡೆಯದಿರುವುದೇಕೆಂದು ನನಗೆ ಅರ್ಥವಾದದ್ದು ಆಗ. ಗೋಡೆಗೆ ಟೈಲ್ಸ್ ಹಾಕಿಸುವುದಿದ್ದರೆ ಅದರ ದಪ್ಪವೂ ಗಾರೆಯೂ ಸೇರಿ ಕೋಣೆ ಇನ್ನಷ್ಟು ಚಿಕ್ಕದಾಗುತ್ತದೆಯಾದ್ದರಿಂದ, ಕೊನೆಯ ಅಳತೆಯನ್ನು ಟೈಲ್ಸ್ ಮುಗಿದ ಮೇಲೆ ತೆಗೆದುಕೊಳ್ಳುವುದೇ ಸರಿ. ನಾನು ಹಾಗೆಯೇ ಮಾಡಿದೆ. ಮೇಲೆ ಕೊಟ್ಟಿರುವವು ಆ ಅಳತೆಗಳೇ.

ನಾಲ್ಕನೆಯ ನಕ್ಷೆಯಲ್ಲಿ ಗೋಡೆಗಳನ್ನು ಇದ್ದ ಹಾಗೆಯೇ ಓರೆಯಾಗಿ ಎಳೆದು, ಎಲ್ಲ ಲೆಕ್ಕಕ್ಕೂ ಅತಿ ಕಡಿಮೆಯ ಅಳತೆಯನ್ನೇ ಆಧಾರವಾಗಿಟ್ಟುಕೊಂಡು, ಕಪಾಟುಗಳನ್ನು ಇಡಲು ಶುರುಮಾಡಿದೆ. ಇದು ಮಾತ್ರ ನಿಜಕ್ಕೂ ಆಟದಂತಿರುತ್ತದೆ. ಪಟ್ಟಿಯಿಂದ ಕಪಾಟನ್ನು ಎಳೆದು ತಂದರೆ ಅದು ಗೋಡೆಗೆ ಅಯಸ್ಕಾಂತದಂತೆ ಅಂಟಿಕೊಳ್ಳುತ್ತದೆ, ತಾನೇ ತಿರುಗಿ ಕೋಣೆಯ ಕಡೆಗೆ ಮುಖ ಮಾಡುತ್ತದೆ. ಎರಡು ಸಂಜೆಗಳಲ್ಲಿ ಪೂರ್ವ ಮತ್ತು ದಕ್ಷಿಣದ ಗೋಡೆಗಳುದ್ದಕ್ಕೂ ಎಲ್ ಆಕಾರದ ಕಟ್ಟೆ, ನಡುವೆ ನಾಲ್ಕಡಿಯ ಒಂದು ದ್ವೀಪದಂಥ ಮೇಜು, ಮೇಲೆ ಸಾಲು ಕಪಾಟುಗಳು ಸಿದ್ಧವಾದವು. ಅಮ್ಮನಿಗೆ ತೋರಿಸಿದೆ. ಅವರು ನಡುವಿನ ಮೇಜನ್ನು ಬೆರಳಿನಿಂದ ಮುಟ್ಟಿ, ಕಾಯಿ ತುರಿಯುವುದಕ್ಕೆ ನಾನು ಎಲ್ಲಿ ಕೂತುಕೊಳ್ಳಲಿ ಎಂದರು.

ಈ ಪ್ರಶ್ನೆಗೆ ತಂತ್ರಾಂಶದಲ್ಲಿ ಉತ್ತರವಿಲ್ಲ, ಏಕೆಂದರೆ ನಿಂತು ಅಡುಗೆ ಮಾಡುವವರಿಗಾಗಿಯೇ ಈ ಬಗೆಯ ಅಡುಗೆಮನೆ ಹುಟ್ಟಿಕೊಂಡದ್ದು. ಇಂದು ನಾವು ಮಾಡ್ಯುಲರ್ ಎಂದು ಕರೆಯುವುದರ ಮೂಲವನ್ನು ಸಾಮಾನ್ಯವಾಗಿ 1926ರ ಫ್ರಾಂಕ್‌ಫರ್ಟ್ ಅಡುಗೆಮನೆಯಲ್ಲಿ ಗುರುತಿಸುತ್ತಾರೆ. ವಿಯೆನ್ನಾದ ವಾಸ್ತುಶಿಲ್ಪಿ ಮಾರ್ಗರೆಟ್ ಶ್ಯೂಟೆ-ಲಿಹೋಟ್ಸ್ಕಿ ಅದನ್ನು ಫ್ರಾಂಕ್‌ಫರ್ಟ್ ನಗರದ ಹೊಸ ವಸತಿಗಳಿಗಾಗಿ ರೂಪಿಸಿದರು. ಸುಮಾರು 10,000 ಮನೆಗಳಿಗೆ ಅದನ್ನು ಕೂರಿಸಲಾಯಿತು. ಅದರ ಅಳತೆ ಸುಮಾರು 1.9 ಮೀಟರಿಗೆ 3.4 ಮೀಟರ್, ನಮ್ಮದಕ್ಕಿಂತ ಕಿರಿದು. ಒಬ್ಬ ಹೆಂಗಸು ಒಂಟಿಯಾಗಿ, ಆದಷ್ಟು ಕಡಿಮೆ ಹೆಜ್ಜೆಗಳಲ್ಲಿ ಕೆಲಸ ಮುಗಿಸಬೇಕೆಂಬ ಲೆಕ್ಕಾಚಾರ ಅದರ ಹಿಂದೆ ಇತ್ತು. ಆ ಅಡುಗೆಮನೆಯನ್ನು ರೂಪಿಸುವವರೆಗೂ ತಾವು ಅಡುಗೆಯನ್ನೇ ಮಾಡಿರಲಿಲ್ಲವೆಂದು ಆ ಮಹಾತಾಯಿ ಮುಂದೆ ತಾವೇ ಹೇಳಿಕೊಂಡಿದ್ದಾರೆ. ಚಹಾ ಮತ್ತು ಉಪ್ಪಿಟ್ಟಿಗೆ ಸೀಮಿತವಾದ ನನ್ನ ಪಾಕಜ್ಞಾನಕ್ಕೆ ಇದರಿಂದ ಸ್ವಲ್ಪ ಧೈರ್ಯ ಬಂದಿತು. ಆದರೆ ನಮ್ಮ ಮನೆಯಲ್ಲಿ ಈಳಿಗೆಮಣೆ ಇನ್ನೂ ನೆಲದ ಮೇಲಿದೆ. ಅಮ್ಮ ತರಕಾರಿ ಹೆಚ್ಚುವುದೂ, ಕಾಯಿ ತುರಿಯುವುದೂ, ಸೊಪ್ಪು ಬಿಡಿಸುವುದೂ ಕುಳಿತುಕೊಂಡೇ. ಹಬ್ಬದ ಹಿಂದಿನ ದಿನ ಚಿಕ್ಕಮ್ಮಂದಿರು ಬಂದರಂತೂ ಮೂರು ಜನ ನೆಲದಲ್ಲಿ ಕೂರುತ್ತಾರೆ. ಮೇಜನ್ನು ಅಳಿಸಿ, ಆ ಜಾಗದಲ್ಲಿ 750ಕ್ಕೆ 750 ಮಿಮೀ ಚೌಕವೊಂದನ್ನು ನೆಲದ ಮೇಲೆ ಎಳೆದು, ಅದಕ್ಕೆ ಈಳಿಗೆಮಣೆ ಎಂದು ಹೆಸರಿಟ್ಟೆ. ಮುಂದಿನ ಎಲ್ಲ ನಕ್ಷೆಗಳಲ್ಲಿಯೂ ಆ ಚೌಕ ಉಳಿದುಕೊಂಡಿತು. ಯಾವ ಡ್ರಾಯರನ್ನು ಪೂರ್ತಿ ಎಳೆದರೂ ಅದನ್ನು ಮುಟ್ಟಬಾರದೆಂಬುದು ನಿಯಮವಾಯಿತು.

ಆ ಚೌಕದಿಂದಲೇ ನನ್ನ ಕೆಲಸದ ಕ್ರಮ ತಿರುಗಿತು. ಅಲ್ಲಿಯವರೆಗೆ ನಾನು ಮೊದಲು ಕಪಾಟುಗಳನ್ನು ಬರೆದು, ಪಾತ್ರೆಗಳು ಅದರೊಳಗೆ ಹೇಗೋ ಹಿಡಿಸುತ್ತವೆಂದು ನಂಬಿಕೊಂಡಿದ್ದೆ. ಐದನೆಯ ನಕ್ಷೆಗೆ ಮುಂಚೆ ಒಂದು ಭಾನುವಾರವಿಡೀ ಅಮ್ಮನೂ ನಾನೂ ಕೂತು ಪಾತ್ರೆಗಳನ್ನು ಅಳೆದೆವು. ದೋಸೆ ಕಾವಲಿ ಹಿಡಿಯೂ ಸೇರಿ 480 ಮಿಮೀ. ಇಡ್ಲಿ ಪಾತ್ರೆ, 5 ಲೀಟರಿನ ಕುಕ್ಕರ್, ಒಂದರೊಳಗೊಂದು ಕೂರುವ ತಪ್ಪಲೆಗಳು, ಉಪ್ಪಿನಕಾಯಿಯ ಎರಡು ಭರಣಿಗಳು, 10 ಕಿಲೋ ಹಿಡಿಯುವ ಅಕ್ಕಿಯ ಡಬ್ಬ. ಗ್ರೈಂಡರಿನಂಥ ವಸ್ತು ತಂತ್ರಾಂಶದ ಪಟ್ಟಿಯಲ್ಲಿ ಸಿಗುವುದಿಲ್ಲ, ಆದರೆ ಅದರಲ್ಲಿರುವ ಯಾವುದೇ ವಸ್ತುವಿನ ಉದ್ದ, ಅಗಲ, ಎತ್ತರ, ನೆಲದಿಂದ ಅದು ಇರುವ ಮಟ್ಟ, ಹೆಸರು, ಬಣ್ಣ ಎಲ್ಲವನ್ನೂ ಬದಲಿಸಬಹುದು. ಹೀಗಾಗಿ ನಮ್ಮ ಗ್ರೈಂಡರ್ ಒಂದು ಕೆಂಪು ಪೆಟ್ಟಿಗೆಯಾಯಿತು, ಮಿಕ್ಸಿ ಹಳದಿ ಪೆಟ್ಟಿಗೆಯಾಯಿತು. ಚಿತ್ರ ಮಕ್ಕಳ ಆಟದ ಇಟ್ಟಿಗೆಗಳ ರಾಶಿಯಂತೆ ಕಂಡರೂ, ಅಂಗಡಿಯವರ ಐದು ಚಿತ್ರಗಳಿಗಿಂತ ಹೆಚ್ಚು ನಿಜ ಅದರಲ್ಲಿತ್ತು.

ಸಿಲಿಂಡರಿನಿಂದಲೇ ಒಂದು ತಪ್ಪು ಹೊರಬಿದ್ದಿತು. 14.2 ಕೆಜಿಯ ನಮ್ಮ ಸಿಲಿಂಡರಿನ ಎತ್ತರ 630 ಮಿಮೀ, ಮೇಲೆ ರೆಗ್ಯುಲೇಟರಿಗೆ 90, ಒಟ್ಟು 720. ಕಟ್ಟೆಯ ಎತ್ತರ 800 ಎಂದಿಟ್ಟುಕೊಂಡರೆ, ಗ್ರಾನೈಟಿಗೆ 20, ಅದರ ಕೆಳಗಿನ ಪಟ್ಟಿಗೆ 18, ಕೆಳಗೆ ಕಾಲುಪಟ್ಟಿಗೆ 100, ತಳದ ಹಲಗೆಗೆ ಮತ್ತೆ 18 ಕಳೆದು ಉಳಿಯುವುದು 644. ಅಂದರೆ ನಾನು ಬರೆದಿದ್ದ ಅಂದವಾದ ಸಿಲಿಂಡರ್ ಕಪಾಟಿನೊಳಗೆ ಸಿಲಿಂಡರ್ ಹೋಗುತ್ತಲೇ ಇರಲಿಲ್ಲ. ತಳದ ಹಲಗೆಯನ್ನೂ ಕಾಲುಪಟ್ಟಿಯನ್ನೂ ಬಿಟ್ಟು, ಸಿಲಿಂಡರನ್ನು ನೆಲದ ಮೇಲೆಯೇ ನಿಲ್ಲಿಸುವಂತೆ ಮಾಡಿದಾಗ 762 ಸಿಕ್ಕಿತು. ಅಡುಗೆ ಅನಿಲ ಗಾಳಿಗಿಂತ ಭಾರವಾದದ್ದು, ಸೋರಿದರೆ ಕೆಳಗೆ ಕೂರುತ್ತದೆ. ಆದ್ದರಿಂದ ಆ ಕಪಾಟಿನ ಬಾಗಿಲಿನ ಕೆಳಭಾಗದಲ್ಲಿ ಗಾಳಿ ಆಡುವ ಜಾಲರಿಯನ್ನು ನಕ್ಷೆಯಲ್ಲಿಯೇ ಗುರುತು ಮಾಡಿದೆ.

ಡ್ರಾಯರಿನ ಕತೆ ಇನ್ನೂ ಸೂಕ್ಷ್ಮವಾದದ್ದು. ನಕ್ಷೆಯಲ್ಲಿ 900 ಮಿಮೀ ಅಗಲದ ಡ್ರಾಯರ್ ಪೆಟ್ಟಿಗೆ ಎಂದು ಬರೆದರೆ, ಅಷ್ಟು ಜಾಗ ಪಾತ್ರೆಗಳಿಗೆ ಸಿಗುತ್ತದೆಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಪೆಟ್ಟಿಗೆಯ ಎರಡು ಪಕ್ಕದ ಹಲಗೆಗಳಿಗೆ 36 ಹೋಗುತ್ತದೆ. ಡ್ರಾಯರ್ ಜಾರುವ ಲೋಹದ ಹಳಿಗಳಿಗೆ, ಅಂದರೆ ಚಾನೆಲ್ಲುಗಳಿಗೆ, ಎರಡೂ ಕಡೆ ತಲಾ 13ರಂತೆ 26 ಬಿಡಬೇಕು. ಡ್ರಾಯರಿನ ಸ್ವಂತ ಪಕ್ಕಗಳು 12 ಮಿಮೀ ಪ್ಲೈವುಡ್ಡಿನವಾದರೆ ಇನ್ನೂ 24. ಕೊನೆಗೆ ಒಳಗೆ ಉಳಿಯುವುದು 814. ನಾನು ಪಕ್ಕಪಕ್ಕ ಇಟ್ಟಿದ್ದ 300ರ ಎರಡು ತಪ್ಪಲೆಗಳೂ 220ರ ಒಂದು ಪಾತ್ರೆಯೂ ಸೇರಿ 820. ಆರೇ ಆರು ಮಿಲಿಮೀಟರಿಗಾಗಿ ಮೂರನೆಯ ಪಾತ್ರೆ ಬೀದಿಪಾಲಾಗುತ್ತಿತ್ತು. ಸಿಲಿಂಡರಿನ ಪೆಟ್ಟಿಗೆಯನ್ನು 450ರಿಂದ 400ಕ್ಕೆ ಇಳಿಸಿ, ಆ 50ನ್ನು ಡ್ರಾಯರಿಗೆ ಕೊಟ್ಟೆ. ಪೂರ್ವದ ಗೋಡೆಯ ಲೆಕ್ಕ ಕೊನೆಗೆ ಹೀಗೆ ನಿಂತಿತು: ದಕ್ಷಿಣದ ಮೂಲೆಯಿಂದ ಶುರುವಾಗಿ ಮೂಲೆಯ ಪೆಟ್ಟಿಗೆ 1000, ಒಲೆಯ ಕೆಳಗಿನ ಡ್ರಾಯರುಗಳು 950, ಸಿಲಿಂಡರ್ 400, ಸಿಂಕ್ 750, ಉಳಿದ 42ಕ್ಕೆ ಮುಚ್ಚುಪಟ್ಟಿ.

ಇಂಥ ಅಡಚಣೆಗಳನ್ನು ತಂತ್ರಾಂಶ ತಾನಾಗಿ ಹೇಳುವುದಿಲ್ಲ. ಎರಡು ವಸ್ತುಗಳು ಒಂದರೊಳಗೊಂದು ನುಗ್ಗಿ ನಿಂತರೂ ಅದು ತಕರಾರು ತೆಗೆಯುವುದಿಲ್ಲ. ಗೋಡೆಯೊಳಗೆ ಅರ್ಧ ಹೂತುಹೋದ ಫ್ರಿಜ್ಜನ್ನೂ ಅಷ್ಟೇ ಪ್ರಸನ್ನತೆಯಿಂದ ತೋರಿಸುತ್ತದೆ. ಅದು ಲೆಕ್ಕ ಮಾಡುವುದಿಲ್ಲ, ಲೆಕ್ಕ ಮಾಡಿದವರಿಗೆ ಚಿತ್ರ ತೋರಿಸುತ್ತದೆ ಅಷ್ಟೆ.

ಎತ್ತರಗಳ ವಿಷಯದಲ್ಲಿ ಮಾತ್ರ ಅದು ಬಹಳ ಉಪಕಾರ ಮಾಡಿತು. ಮೂರು ಆಯಾಮದ ನೋಟದಲ್ಲಿ ಒಬ್ಬ ಕಾಲ್ಪನಿಕ ಮನುಷ್ಯ ಕೋಣೆಯೊಳಗೆ ನಡೆದಾಡುತ್ತಾನೆ, ಅವನ ಕಣ್ಣಿನ ಮಟ್ಟವನ್ನು ನಾವು ಬದಲಿಸಬಹುದು. ಅಮ್ಮನ ಎತ್ತರ 152 ಸೆಂಮೀ, ಕಣ್ಣಿನ ಮಟ್ಟ 141. ಅದನ್ನು ತುಂಬಿದ ಕೂಡಲೇ ನಾನು ಬರೆದಿದ್ದ ಮೇಲಿನ ಕಪಾಟುಗಳು ಏಕಾಏಕಿ ಆಕಾಶಕ್ಕೆ ಏರಿದಂತೆ ಕಂಡವು. ಹಳೆಯ ಕಟ್ಟೆಯ ಎತ್ತರ 34 ಅಂಗುಲ, ಅಂದರೆ 864 ಮಿಮೀ, ಅದರ ಮೇಲೆ 130 ಮಿಮೀ ಎತ್ತರದ ಒಲೆ, ಒಟ್ಟು 994. ಅಮ್ಮನ ಮೊಣಕೈ ಇರುವುದು 940ರಲ್ಲಿ. ಮೂವತ್ತು ವರ್ಷ ಅವರು ಪ್ರತಿ ಒಗ್ಗರಣೆಯನ್ನೂ ಮೊಣಕೈಗಿಂತ 54 ಮಿಮೀ ಮೇಲೆ ಕೈ ಎತ್ತಿಕೊಂಡು ಹಾಕಿದ್ದಾರೆಂಬುದು ನನಗೆ ತಿಳಿದದ್ದು ಈ ಅಂಕಿಗಳನ್ನು ಸಾಲಾಗಿ ಬರೆದ ರಾತ್ರಿ. ಭುಜನೋವಿಗೆ ಎಷ್ಟು ಬಗೆಯ ಎಣ್ಣೆ ತಂದುಕೊಟ್ಟಿದ್ದೆ! ಹೊಸ ಕಟ್ಟೆಯನ್ನು 800ಕ್ಕೆ ಇಳಿಸಿದೆವು. ಮೇಲಿನ ಕಪಾಟುಗಳಿಗೆ ಕಣ್ಣಿನ ಮಟ್ಟ ಸಾಲದು, ಕೈ ಎಟುಕಬೇಕು. ಆ ಕಾಲ್ಪನಿಕ ಮನುಷ್ಯನಿಗೆ ಕೈ ಚಾಚಲು ಬರುವುದಿಲ್ಲ. ಆದ್ದರಿಂದ ಕಟ್ಟೆಯಷ್ಟು ಅಗಲದ ಬೆಂಚನ್ನು ಗೋಡೆಗೆ ಆನಿಸಿಟ್ಟು, ಅದರಾಚೆಯಿಂದ ಅಮ್ಮ ಕೈ ಚಾಚಿ ಸೀಮೆಸುಣ್ಣದಲ್ಲಿ ಗೆರೆ ಎಳೆದರು: 1720. ಮೇಲಿನ ಕಪಾಟಿನ ತಳವನ್ನು 1350ಕ್ಕೆ ಇಟ್ಟು, ದಿನಬಳಕೆಯ ಎರಡು ಅಟ್ಟಣಿಗೆಗಳು ಆ ಗೆರೆಯ ಕೆಳಗೆ ಬರುವಂತೆ ಮಾಡಿದೆ.

ಒಲೆ, ಸಿಂಕ್, ಫ್ರಿಜ್ ಈ ಮೂರರ ನಡುವಿನ ತ್ರಿಕೋನದ ಬಗ್ಗೆ ಅಡುಗೆಮನೆಯ ವಿನ್ಯಾಸದ ಬರಹಗಳಲ್ಲೆಲ್ಲ ಓದುತ್ತೇವೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1940ರ ದಶಕದಲ್ಲಿ ರೂಪುಗೊಂಡ ಈ ಸೂತ್ರದ ಪ್ರಕಾರ ಮೂರು ಭುಜಗಳ ಮೊತ್ತ 13ರಿಂದ 26 ಅಡಿಯೊಳಗೆ ಇರಬೇಕು. ತಂತ್ರಾಂಶದ ಅಳತೆಗೆರೆಗಳನ್ನು ಎಳೆದು ನೋಡಿದಾಗ ನಮ್ಮದು ಸುಮಾರು 6.4 ಮೀಟರ್, ಅಂದರೆ 21 ಅಡಿ ಬಂದಿತು. ಪರೀಕ್ಷೆಯಲ್ಲಿ ಪಾಸಾದ ಸಂತೋಷವಾಯಿತಾದರೂ, ಒಂದು ಬೆಳಗ್ಗೆ ಅಮ್ಮನ ಓಡಾಟವನ್ನು ಗಮನಿಸಿದಾಗ ಅವರು ಫ್ರಿಜ್ ತೆರೆದದ್ದು ಎರಡೇ ಸಲ. ಮಿಕ್ಸಿಯ ಹತ್ತಿರ ಹೋದದ್ದು ಏಳು ಸಲ, ಪ್ರತಿ ಸಲವೂ ಜಾರ್ ತೊಳೆಯಲು ಸಿಂಕಿಗೆ. ಹಾಗಾಗಿ ದಕ್ಷಿಣದ ಕಟ್ಟೆಯ ತುದಿಯಲ್ಲಿದ್ದ ಮಿಕ್ಸಿಯನ್ನು ಸಿಂಕಿನ ಪಕ್ಕಕ್ಕೆ, ಸಿಲಿಂಡರ್ ಕಪಾಟಿನ ಮೇಲಿನ ಕಟ್ಟೆಗೆ ತಂದು, ನೀರು ಸಿಡಿಯದಷ್ಟು ಎತ್ತರದಲ್ಲಿ ಅದಕ್ಕೊಂದು ಪ್ಲಗ್ ಪಾಯಿಂಟ್ ಗುರುತು ಮಾಡಿದೆ. ಒಲೆ ಅಗ್ನಿಮೂಲೆಗೆ ಹತ್ತಿರದಲ್ಲಿಯೇ, ಪೂರ್ವಕ್ಕೆ ಮುಖ ಮಾಡಿ ಉಳಿಯಿತು. ಆ ಒಂದು ವಿಷಯದಲ್ಲಿ ಯಾವ ತಂತ್ರಾಂಶದ ಸಲಹೆಯನ್ನೂ ಕೇಳುವ ಪ್ರಶ್ನೆಯೇ ಇರಲಿಲ್ಲ.

ಒಂಬತ್ತನೆಯ ನಕ್ಷೆಯನ್ನು ಕಾಗದದಲ್ಲಿ ಅಚ್ಚು ಹಾಕಿಸಿ ಬಡಗಿಯವರ ಕೈಗೆ ಕೊಟ್ಟೆ. ಮೂವತ್ತು ವರ್ಷ ಕೆಲಸ ಮಾಡಿದವರು. ಬಣ್ಣದ ಚಿತ್ರವನ್ನು ಪಕ್ಕಕ್ಕಿಟ್ಟು ಮೇಲಿನಿಂದ ನೋಡಿದ ನಕ್ಷೆಯನ್ನು ಮಾತ್ರ ನೋಡಿದರು. ಎಲ್ ಆಕಾರದ ಒಳಮೂಲೆಯ ಮೇಲೆ ಪೆನ್ಸಿಲ್ ಇಟ್ಟು, ಈ ಡ್ರಾಯರ್ ಎಳೆದರೆ ಆ ಬಾಗಿಲಿನ ಹಿಡಿಗೆ ಬಡಿಯುತ್ತದೆ ಸಾರ್ ಎಂದರು. ಹೌದು, ದಕ್ಷಿಣದ ಮೊದಲ ಪೆಟ್ಟಿಗೆಯನ್ನು ನಾನು ಮೂಲೆಗೆ ಪೂರ್ತಿ ಅಂಟಿಸಿಟ್ಟಿದ್ದೆ. ಪೂರ್ವದ ಸಾಲಿನ ಹಿಡಿಗಳು 35 ಮಿಮೀ ಮುಂದಕ್ಕೆ ಚಾಚಿಕೊಂಡಿರುತ್ತವೆಂಬುದು ಹೊಳೆದೇ ಇರಲಿಲ್ಲ. ನಕ್ಷೆಯಲ್ಲಿ ಕೋಣೆಯ ಬಾಗಿಲು ತೆರೆಯುವ ಕಮಾನು ಕಾಣುತ್ತದೆ, ಕಪಾಟಿನ ಬಾಗಿಲುಗಳದ್ದಾಗಲಿ ಡ್ರಾಯರುಗಳದ್ದಾಗಲಿ ಕಾಣುವುದಿಲ್ಲ. ಅವನ್ನು ನಾವೇ ಗೆರೆ ಎಳೆದು ತೋರಿಸಿಕೊಳ್ಳಬೇಕು. ಮೂಲೆಯಲ್ಲಿ 50 ಮಿಮೀ ಮುಚ್ಚುಪಟ್ಟಿ ಸೇರಿಸಿ, 2471ರಲ್ಲಿ ಮೂಲೆಗೆ 600, ಫ್ರಿಜ್ಜಿಗೆ 700 ಕಳೆದು, 550ರ ಎರಡು ಪೆಟ್ಟಿಗೆಗಳನ್ನು ಇಟ್ಟೆ. ಉಳಿದ 21 ಮಿಮೀ ಫ್ರಿಜ್ಜಿನ ಗಾಳಿಗೆ ಹೋಯಿತು. ಇದು ಹತ್ತನೆಯ ನಕ್ಷೆ.

ಪ್ಲೈವುಡ್ ಕತ್ತರಿಸುವ ಪಟ್ಟಿಯನ್ನು ಈ ತಂತ್ರಾಂಶ ಕೊಡುವುದಿಲ್ಲವಾದ್ದರಿಂದ ಅದನ್ನು ಬೇರೆಯಾಗಿ ಬರೆದುಕೊಂಡೆವು. ನೀರು ತಡೆಯುವ ಪ್ಲೈವುಡ್ಡಿಗಿರುವ ಐಎಸ್ 710 ಗುರುತಿನ, 18 ಮಿಮೀ ದಪ್ಪದ, 8ಕ್ಕೆ 4 ಅಡಿಯ ಹಾಳೆಗಳು. ಪೆಟ್ಟಿಗೆಯ ಆಳವನ್ನು 580 ಎಂದಿಟ್ಟರೆ 1220 ಅಗಲದಲ್ಲಿ ಎರಡು ಪಟ್ಟಿಗಳು ಬರುತ್ತವೆ, 2440 ಉದ್ದದಲ್ಲಿ ಮೂರು ತುಂಡುಗಳು. ಹಾಗಾಗಿ ಕೆಳಗಿನ ಆರು ಪೆಟ್ಟಿಗೆಗಳ 12 ಪಕ್ಕದ ಹಲಗೆಗಳು ಸರಿಯಾಗಿ ಎರಡು ಹಾಳೆಗಳಲ್ಲಿ ಮುಗಿದವು. ಬಡಗಿಯವರು ಇದನ್ನು ಬಾಯಿಲೆಕ್ಕದಲ್ಲಿ ಹೇಳಿದ್ದರು. ನಾನು ಅರ್ಧ ಗಂಟೆ ಕಂಪ್ಯೂಟರಿನಲ್ಲಿ ಕೂತು ಅವರು ಹೇಳಿದ್ದು ಸರಿಯೆಂದು ಸಾಬೀತುಪಡಿಸಿದೆ.

ಕೆಲಸ ಮುಗಿದು ಎಂಟು ತಿಂಗಳಾಗಿದೆ. ತಪ್ಪಲೆಗಳು ಡ್ರಾಯರಿನಲ್ಲಿ ಕೂರುತ್ತವೆ, ಸಿಲಿಂಡರ್ ತಡೆಯಿಲ್ಲದೆ ಒಳಗೆ ಹೋಗುತ್ತದೆ, ನೆಲದ ಚೌಕದಲ್ಲಿ ಈಳಿಗೆಮಣೆ ಇದೆ. ನಾನು ಬರೆಯಲು ಮರೆತದ್ದು ನೀರು ಶುದ್ಧಿ ಮಾಡುವ ಯಂತ್ರದ ಹೊರಹರಿವಿನ ಕೊಳವೆಯನ್ನು. ಅದನ್ನು ಕೂರಿಸಲು ಬಂದ ಹುಡುಗ ಸಿಂಕಿನ ಪೆಟ್ಟಿಗೆಯ ಪಕ್ಕದ ಹಲಗೆಯಲ್ಲಿ ತೂತು ಕೊರೆದು ಹೋದ. ತೂತಿನ ಅಂಚಿಗೆ ಯಾರೂ ಏನನ್ನೂ ಬಳಿಯಲಿಲ್ಲ, ಮಳೆಗಾಲದಲ್ಲಿ ಅದರ ಸುತ್ತ ಲ್ಯಾಮಿನೇಟ್ ಉಬ್ಬಿಕೊಂಡಿದೆ. ಕಳೆದ ವಾರ ಕಡತವನ್ನು ಮತ್ತೆ ತೆರೆದು ಆ ಕೊಳವೆಯನ್ನು ನೀಲಿ ಗೆರೆಯಲ್ಲಿ ಎಳೆದು, 11 ಎಂಬ ಹೆಸರಿನಲ್ಲಿ ಉಳಿಸಿದೆ. ಬಡಗಿಯವರು ದೀಪಾವಳಿ ಕಳೆದ ಮೇಲೆ ಬಂದು ಆ ಒಂದು ಹಲಗೆಯನ್ನು ಬದಲಿಸಿಕೊಡುವುದಾಗಿ ಹೇಳಿದ್ದಾರೆ.